ಗೋಡೆ ಮೇಲಿನ ಗಂಭೀರ ಮುಖಗಳು

ಹಳೆಯ ಫೋಟೋಗಳಲ್ಲಿ ಯಾರೂ ಯಾಕೆ ನಗುವುದಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಆಗಿನ ಕ್ಯಾಮೆರಾ ನಿಧಾನ, ಅಷ್ಟು ಹೊತ್ತು ನಗುತ್ತ ಕೂರಲು ಯಾರಿಂದಲೂ ಆಗುತ್ತಿರಲಿಲ್ಲ. ಉತ್ತರ ಸುಳ್ಳಲ್ಲ, ಆದರೆ ಅದರ ಆಯುಷ್ಯ ನಲವತ್ತೇ ವರ್ಷ. 1839ರಲ್ಲಿ ಪ್ಯಾರಿಸ್ಸಿನ ಡಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದಾಗ ಒಂದು ಚಿತ್ರಕ್ಕೆ ಹಲವು ನಿಮಿಷ ಹಿಡಿಯುತ್ತಿತ್ತು, ನಿಜ. 1880ರ ಹೊತ್ತಿಗೆ ಜೆಲಟಿನ್ ಲೇಪದ ಒಣ ಪ್ಲೇಟು ಅಂಗಡಿಯಲ್ಲಿ ಸಿಗತೊಡಗಿತು. ಒಳ್ಳೆಯ ಬಿಸಿಲಿದ್ದರೆ ರೆಪ್ಪೆ ಬಡಿಯುವುದರೊಳಗೆ ಕೆಲಸ ಮುಗಿಯುತ್ತಿತ್ತು. ಹೊಸಪೇಟೆ, ಸಂಡೂರು, ಕಂಪ್ಲಿಯ ಹಳೆ ಮನೆಗಳ ಪಡಸಾಲೆಯಲ್ಲಿ ಇಂದಿಗೂ ತೂಗುವ ಫೋಟೋಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಹಳ ಈಚಿನವು. 1930, 1940, ಕೆಲವು 1960ರ ದಶಕದವು. ಬಿಸಿಲಿಗೆ ಎಂದೂ ಬರವಿಲ್ಲದ ಬಳ್ಳಾರಿ ಸೀಮೆ ಬೇರೆ. ಆದರೂ ಆ ಫೋಟೋಗಳಲ್ಲಿ ನಗು ಕಾಣುವುದಿಲ್ಲ. ಹಾಗಾದರೆ ದೂರನ್ನೆಲ್ಲ ಯಂತ್ರದ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ಈ ಪ್ರಶ್ನೆಯ ಬಗ್ಗೆ ಯುರೋಪು, ಅಮೆರಿಕದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಕೆಲವರು ತಂತ್ರಜ್ಞಾನವನ್ನು ಹಿಡಿಯುತ್ತಾರೆ, ಕೆಲವರು ಹಲ್ಲನ್ನು, ಕೆಲವರು ವರ್ಗ ಮರ್ಯಾದೆಯನ್ನು, ಇನ್ನು ಕೆಲವರು ಕೊಡಾಕ್ ಕಂಪನಿಯ ಜಾಹೀರಾತನ್ನು. ಈ ವಾದಗಳನ್ನೆಲ್ಲ ತುಂಗಭದ್ರೆಯ ದಡಕ್ಕೆ ತಂದು ನಿಲ್ಲಿಸಿದರೆ ಯಾವುದು ನಿಲ್ಲುತ್ತದೆ, ಯಾವುದು ತೇಲಿಹೋಗುತ್ತದೆ ಎಂದು ನೋಡಬೇಕು.

ಯಂತ್ರದ ವಾದವನ್ನು ಮೊದಲು ತೆಗೆದುಕೊಳ್ಳೋಣ. ಅದನ್ನು ಅರ್ಥಮಾಡಿಕೊಳ್ಳಲು ಹಂಪಿಗಿಂತ ಒಳ್ಳೆಯ ಜಾಗವಿಲ್ಲ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆ ಜಾಗವಿದೆ. ಕಿಂಡಿಯೊಂದರಿಂದ ಹಾದುಬಂದ ಬೆಳಕು ಹೊರಗಿನ ರಾಜಗೋಪುರವನ್ನು ಅಲ್ಲಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಗೈಡುಗಳು ಪ್ರವಾಸಿಗರನ್ನು ಕರೆದೊಯ್ದು ತೋರಿಸುವ ಈ ನೆರಳು ಕ್ಯಾಮೆರಾದ ಮೂಲತತ್ವವೇ. ಒಳಗೆ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ, ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಗೋಪುರ ಮಸುಕಾಗಿ ಕಾಣುತ್ತದೆ. ಕಿಂಡಿ ಚಿಕ್ಕದು, ಒಳಗೆ ಬರುವ ಬೆಳಕು ಕಡಿಮೆ. ಇಷ್ಟೇ ಬೆಳಕಿನಲ್ಲಿ ಒಂದು ಹಾಳೆಯ ಮೇಲಿನ ರಾಸಾಯನಿಕ ಬದಲಾಗಬೇಕೆಂದರೆ ಬಹಳ ಹೊತ್ತು ಬೇಕು. ಮೊದಲ ತಲೆಮಾರಿನ ಫೋಟೋಗ್ರಾಫರ್‌ಗಳ ಪಾಡೆಲ್ಲ ಇದೇ.

ಅವರಲ್ಲಿ ಒಬ್ಬ ಹಂಪಿಗೇ ಬಂದಿದ್ದ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ವಿಜಯನಗರದ ಹಾಳು ಪಟ್ಟಣವನ್ನು ಹಿಡಿದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗಿನ್ನೂ ಇಟ್ಟಿಗೆಯ ಶಿಖರವಿತ್ತೆಂಬುದು ಅವನ ಚಿತ್ರದಿಂದ ನಮಗೆ ಕಣ್ಣಾರೆ ಗೊತ್ತಾಗುತ್ತದೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಂತೆ ಮಾಡಿದರು. ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಕುಡಿಸಬೇಕಿತ್ತು. ಅಷ್ಟು ಹೊತ್ತಿನಲ್ಲಿ ನಡೆದಾಡುವ ಮನುಷ್ಯ ಹಾಳೆಯಿಂದ ಮಾಯವಾಗುತ್ತಾನೆ, ಅಲುಗಾಡಿದವನು ಹೊಗೆಯಂತಾಗುತ್ತಾನೆ, ಕಲ್ಲು ಮಾತ್ರ ಉಳಿಯುತ್ತದೆ. ಮನುಷ್ಯ ಬೇಕೇ ಬೇಕಾದಾಗ ಅವನನ್ನು ಕಂಬಕ್ಕೆ ಒರಗಿಸಿ ಅಲುಗದಂತೆ ನಿಲ್ಲಿಸುತ್ತಿದ್ದರು. ಕಟ್ಟಡದ ಎತ್ತರ ತೋರಿಸಲು ಹೀಗೆ ನಿಲ್ಲಿಸಿದ ಕೂಲಿಯಾಳು, ಕಾವಲುಗಾರ ಆ ಕಾಲದ ಪುರಾತತ್ವದ ಚಿತ್ರಗಳಲ್ಲಿ ಬಹಳ ಕಡೆ ಸಿಗುತ್ತಾರೆ. ಮುಖ ಕಾಳಿನಷ್ಟು. ಆ ಮುಖದಲ್ಲಿ ಭಾವ ಹುಡುಕುವುದು ವ್ಯರ್ಥ, ಅವರನ್ನು ನಿಲ್ಲಿಸಿದ್ದು ಅಳತೆಗೆ.

ಅಷ್ಟರಲ್ಲಾಗಲೇ ಕಾಗದದ ಜೊತೆಗೆ ಗಾಜೂ ಬಂದಿತ್ತು. 1851ರ ಕೊಲೋಡಿಯನ್ ವಿಧಾನದಲ್ಲಿ ಹಸಿ ಪ್ಲೇಟಿನ ಮೇಲೆ ಕೆಲವು ಸೆಕೆಂಡುಗಳಲ್ಲೇ ಮುಖ ಸಿಗುತ್ತಿತ್ತು. ಆದರೂ ತಲೆ ಅಲುಗದಂತೆ ಕುತ್ತಿಗೆಯ ಹಿಂದೆ ಕಬ್ಬಿಣದ ಕವಲು ಇಡುತ್ತಿದ್ದರು. ಹತ್ತು ಸೆಕೆಂಡು ನಗುವನ್ನು ಹಿಡಿದಿಟ್ಟು ನೋಡಿ, ತುಟಿ ನಡುಗುತ್ತದೆ, ಕಣ್ಣು ಬೇರೆಯೇ ಏನೋ ಹೇಳತೊಡಗುತ್ತದೆ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಮುಖದ ಸ್ನಾಯುಗಳಿಗೆ ವಿದ್ಯುತ್ ತಾಗಿಸಿ ಒಂದೊಂದು ಭಾವವನ್ನು ನಿಲ್ಲಿಸಿ ಫೋಟೋ ತೆಗೆಸಿದ್ದ. ನಿಜವಾದ ನಗುವಿನಲ್ಲಿ ಬಾಯಿಯ ಜೊತೆ ಕಣ್ಣಿನ ಸುತ್ತಲ ಸ್ನಾಯುವೂ ಕೆಲಸ ಮಾಡುತ್ತದೆ ಎಂದು ತೋರಿಸಿದವನು ಅವನೇ. ಹತ್ತು ವರ್ಷದ ಬಳಿಕ, 1872ರಲ್ಲಿ, ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರದರ್ಶನದ ಬಗ್ಗೆ ಬರೆದ ಪುಸ್ತಕದಲ್ಲಿ ಆ ಚಿತ್ರಗಳನ್ನೂ ಬಳಸಿಕೊಂಡ. ಮುಖದ ಭಾವವನ್ನು ಗಾಜಿನ ಮೇಲೆ ಇಳಿಸಲು ವಿದ್ಯುತ್ತಿನ ನೆರವು ಬೇಕಾಯಿತೆಂದರೆ ಯಂತ್ರದ ವಾದಕ್ಕೆ ಅದರ ಪಾಲಿನ ಗೌರವ ಕೊಡಲೇಬೇಕು.

ಈ ವಾದದವರು ಹೆಚ್ಚಾಗಿ ಹೇಳದ ಇನ್ನೊಂದು ಸಂಗತಿ ನಮ್ಮ ಕಡೆಯ ಮುಖಗಳಿಗೆ ಹೆಚ್ಚು ಸಂಬಂಧಪಟ್ಟದ್ದು. ಹಳೆಯ ಪ್ಲೇಟುಗಳು ನೀಲಿ ಬೆಳಕನ್ನು ಹೀರುತ್ತಿದ್ದವು. ಕೆಂಪು ಅವಕ್ಕೆ ಕತ್ತಲೆಗೆ ಸಮ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರ ಹೊತ್ತಿಗೆ, ಸಣ್ಣ ಊರುಗಳ ಸ್ಟುಡಿಯೋಗೆ ತಲುಪಿದ್ದು ಇನ್ನೂ ತಡವಾಗಿ. ಹಾಗಾಗಿ ಕುಂಕುಮ ಕಪ್ಪು ಬೊಟ್ಟಾಯಿತು, ಎಲೆ ಅಡಿಕೆ ಹಾಕಿದ ಕೆಂಪು ತುಟಿ ಕಪ್ಪು ಗೆರೆಯಾಯಿತು, ಬಿಸಿಲಿಗೆ ಕಂದಿದ ಕಂದುಬಣ್ಣದ ಕೆನ್ನೆ ಇದ್ದದ್ದಕ್ಕಿಂತ ಗಾಢವಾಯಿತು. ಕೆನ್ನೆಯ ಏರಿಳಿತ, ತುಟಿಯ ಕೊಂಕು, ಕಣ್ಣಡಿಯ ಸಣ್ಣ ಮಡಿಕೆಗಳು ನಮಗೆ ಭಾವವನ್ನು ತಿಳಿಸುವ ಗುರುತುಗಳು. ಅವೇ ಒಂದೇ ಕಪ್ಪಿನಲ್ಲಿ ಕರಗಿಹೋದವು. ವಿಭೂತಿ ಮಾತ್ರ ಹೊಳೆಯಿತು. ಅಜ್ಜಿ ಸಿಡುಕಿನವಳಂತೆ ಕಂಡರೆ ಅದರಲ್ಲಿ ಪ್ಲೇಟಿನ ಪಾಲೂ ಇದೆ. ಬಿಸಿಲಿನ ಪಾಲಂತೂ ಇದ್ದೇ ಇದೆ. ಅಂಗಳದಲ್ಲಿ ಒಂದು ಬಟ್ಟೆ ಕಟ್ಟಿ ಅದರ ಮುಂದೆ ನಿಲ್ಲಿಸಿ ತೆಗೆದ ಫೋಟೋಗಳಲ್ಲಿ ಹುಬ್ಬು ಗಂಟಿಕ್ಕಿರುವುದು ಎಷ್ಟೋ ಸಲ ಕೋಪಕ್ಕಲ್ಲ, ಕಣ್ಣಿಗೆ ಹೊಡೆಯುವ ಬೆಳಕಿಗೆ.

ಹಲ್ಲಿನ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹಲ್ಲು ಕೆಟ್ಟಿದ್ದರಿಂದ ಬಾಯಿ ಮುಚ್ಚಿದರು ಎನ್ನುವವರು ಎಲ್ಲರ ಹಲ್ಲೂ ಹಾಗೇ ಇದ್ದಾಗ ಯಾರು ಯಾರಿಗೆ ನಾಚಬೇಕು ಎಂಬುದನ್ನು ಹೇಳುವುದಿಲ್ಲ. ಹಲ್ಲು ತೋರಿಸುವುದು ಸಭ್ಯವಲ್ಲ ಎಂಬ ಕಟ್ಟಳೆ ಹಲ್ಲಿನ ಸ್ಥಿತಿಗಿಂತ ಹಳೆಯದು. 1787ರಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಗಾರ್ತಿ ವಿಜೇ ಲೆ ಬ್ರನ್ ಹಲ್ಲು ಕಾಣುವಂತೆ ನಗುವ ತನ್ನದೇ ಚಿತ್ರವನ್ನು ಪ್ರದರ್ಶನಕ್ಕಿಟ್ಟಾಗ ದೊಡ್ಡವರ ವಲಯದಲ್ಲಿ ಗುಲ್ಲೆದ್ದಿತು. ನಮ್ಮಲ್ಲೂ ಹಲ್ಲು ಕಿರಿಯುವುದೆಂದರೆ ದೈನ್ಯ, ಇಲ್ಲವೇ ಹುಚ್ಚು. ನಗುವ ಹೆಂಗಸನ್ನು, ಅಳುವ ಗಂಡಸನ್ನು ನಂಬಬಾರದೆಂಬ ಗಾದೆ ಇಂದಿಗೂ ಬಾಯಲ್ಲಿದೆ. ಇಂಥ ಗಾದೆ ಕೇಳಿ ಬೆಳೆದ ಹೆಣ್ಣುಮಗಳು ಗಂಡನ ಕುರ್ಚಿಯ ಪಕ್ಕ ನಿಂತು, ಅತ್ತೆ ಮಾವ ನೋಡುತ್ತಿರುವಾಗ, ಗುರುತಿಲ್ಲದ ಗಂಡಸೊಬ್ಬ ಕರಿ ಬಟ್ಟೆಯೊಳಗಿಂದ ಇಣುಕುವಾಗ ನಗುವುದು ಹೇಗೆ?

ಮರ್ಯಾದೆಯ ವಾದಕ್ಕೆ ಹಂಪಿಯಲ್ಲಿ ಫೋಟೋಗ್ರಫಿಗಿಂತ ಮುನ್ನೂರು ವರ್ಷ ಹಳೆಯ ಸಾಕ್ಷಿಯಿದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ರಾಯ ಮಧ್ಯಮ ಎತ್ತರದವನು, ಕೊಂಚ ಮೈ ತುಂಬಿದವನು, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು, ಸ್ವಭಾವ ಬಹಳ ಉಲ್ಲಾಸದ್ದು, ನಡುನಡುವೆ ಇದ್ದಕ್ಕಿದ್ದಂತೆ ಸಿಟ್ಟು ಬರುತ್ತಿತ್ತು. ಅರಮನೆಯ ಒಂದು ಬಾಗಿಲ ಬಳಿ ರಾಯನದೂ ಅವನ ತಂದೆಯದೂ ಜೀವಂತವೆಂಬಂತೆ ಬರೆದ ಚಿತ್ರಗಳಿದ್ದುದನ್ನೂ ಅವನು ಹೇಳುತ್ತಾನೆ. ಆ ಚಿತ್ರಗಳು ಅರಮನೆಯ ಜೊತೆಗೇ ಹೋದವು. ಉಳಿದದ್ದು ತಿರುಮಲೆಯಲ್ಲಿರುವ ಲೋಹದ ಪ್ರತಿಮೆ. ತಿರುಮಲಾದೇವಿ, ಚಿನ್ನಾದೇವಿಯರ ನಡುವೆ ಎತ್ತರದ ಕಿರೀಟ ಧರಿಸಿ ಕೈಮುಗಿದು ನಿಂತ ರಾಯ. ಸಿಡುಬಿನ ಕಲೆಯಿಲ್ಲ, ಉಲ್ಲಾಸವಿಲ್ಲ, ಸಿಟ್ಟೂ ಇಲ್ಲ. ಪಾಯೆಸ್ ಕಂಡ ಮನುಷ್ಯನಿಗೂ ಶಿಲ್ಪಿ ಉಳಿಸಿದ ಮುಖಕ್ಕೂ ನಡುವಿನ ಅಂತರವನ್ನು ಯಾವ ಕ್ಯಾಮೆರಾದ ಮೇಲೂ ಹೊರಿಸಲಾಗದು. ದೇವರ ಮುಂದೆ, ಮುಂದಿನ ತಲೆಮಾರಿನ ಮುಂದೆ ಹೀಗೆ ಕಾಣಬೇಕು ಎಂಬ ನಿರ್ಧಾರ ಅದು. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿ ಇಲ್ಲಿದೆ. ಭಾವಗಳೆಲ್ಲ ಹಾದುಹೋಗುವಂಥವು, ಪ್ರತಿಮೆ ಹಾದುಹೋಗದ್ದನ್ನು ಹೇಳಬೇಕು ಎಂದು ಒಂದು ಸಮಾಜ ನಂಬಿದ್ದಾಗ ಅಲ್ಲಿಗೆ ಹೊಸ ಯಂತ್ರ ಬಂತು. ಯಂತ್ರ ಹೊಸದು, ನಿಲ್ಲುವ ರೀತಿ ಹಳೆಯದೇ.

ಹಂಪಿಯ ಶಿಲ್ಪಿಗೆ ಉಗ್ರಭಾವ ಬರುತ್ತಿರಲಿಲ್ಲವೆಂದಲ್ಲ. 1528ರಲ್ಲಿ ಕಡೆದ ನರಸಿಂಹನ ಹೊರಚಾಚಿದ ಕಣ್ಣು, ತೆರೆದ ಬಾಯಿ ನೋಡಿದವರಿಗೆ ಅದು ಗೊತ್ತು. ದೇವರಿಗೆ ಭಾವವಿರಬಹುದು, ರಾಕ್ಷಸನಿಗೆ, ಕುಣಿಯುವವಳಿಗೆ, ಬೇಟೆಗಾರನಿಗೆ ಇರಬಹುದು. ಕಾಣಿಕೆ ಕೊಟ್ಟು ತನ್ನ ರೂಪ ಕಡೆಸಿಕೊಂಡವನಿಗೆ ಮಾತ್ರ ಇಲ್ಲ. ಈ ಕಟ್ಟುಪಾಡು ಮುಂದೆ ಸ್ಟುಡಿಯೋದಲ್ಲೂ ಹಾಗೇ ನಡೆಯಿತು. ಬಳ್ಳಾರಿಯ ನಾಟಕದವರನ್ನು ನೋಡಿ. ಬಳ್ಳಾರಿ ರಾಘವರಂಥ (1880–1946) ವಕೀಲ ನಟರಿದ್ದ, ಬಯಲಾಟದ ಅಬ್ಬರವಿದ್ದ ಸೀಮೆ ಇದು. ಹುಬ್ಬು ಹಾರಿಸಿ, ಕಣ್ಣು ಕೆಕ್ಕರಿಸಿ, ಗಹಗಹಿಸಿ ನಗುವುದು ಇಲ್ಲಿನವರಿಗೆ ಚೆನ್ನಾಗಿ ಗೊತ್ತಿತ್ತು. ವೇಷ ಕಟ್ಟಿದವನು ಕ್ಯಾಮೆರಾದ ಮುಂದೆ ಭಾವ ತೋರಿಸಬಹುದಿತ್ತು, ಏಕೆಂದರೆ ಆ ಮುಖ ಅವನದಲ್ಲ, ಪಾತ್ರದ್ದು. ಬಣ್ಣ ತೊಳೆದು ಕೋಟು ಹಾಕಿ ಬಂದು ಕೂತರೆ ಮತ್ತೆ ಗಂಭೀರ.

ಇಷ್ಟು ಹೊತ್ತು ಹೇಳಿದ್ದು ತಾನಾಗಿ ಫೋಟೋ ತೆಗೆಸಿಕೊಂಡವರ ಮಾತು. ಆದರೆ ತಮ್ಮ ಇಷ್ಟವಿಲ್ಲದೆ ಕ್ಯಾಮೆರಾದ ಎದುರು ನಿಂತವರೂ ಇದ್ದರು. ಹೊಸಪೇಟೆ, ಹಂಪಿ, ಕಂಪ್ಲಿಗಳು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಸಂಡೂರು ಘೋರ್ಪಡೆಯವರ ಪುಟ್ಟ ಸಂಸ್ಥಾನ, ಹೊಳೆ ದಾಟಿದರೆ ಆನೆಗೊಂದಿ ನಿಜಾಮನದು. ಸರ್ಕಾರಕ್ಕೆ ಜನರನ್ನು ಜಾತಿವಾರು ಪಟ್ಟಿಮಾಡುವ ಹಂಬಲ ಹತ್ತಿತ್ತು. 1868ರಿಂದ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ನಾನೂರಕ್ಕೂ ಹೆಚ್ಚು ಫೋಟೋಗಳಿವೆ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ತಂದ. ತಲೆಯ ಅಗಲ, ಮೂಗಿನ ಉದ್ದ ಅಳೆಯುವುದು, ನೇರದಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯುವುದು ಆ ಕಾಲದ ಪದ್ಧತಿ. ಆಯ್ದ ಮಾದರಿಗಳನ್ನು ಒಣಗಿಸಿ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ಇಡಲು ಬಂದಿದ್ದಾನೆಂದು ಹೆದರಿ ವಯನಾಡಿನ ಪಣಿಯ ಹೆಂಗಸರು ಓಡಿಹೋದರೆಂದು ಥರ್ಸ್ಟನ್ ತಾನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಓಡಿದವರ ಭಯಕ್ಕೂ ಓಡಲಾಗದೆ ನಿಂತವರ ಮುಖಕ್ಕೂ ಸಂಬಂಧವಿದೆಯೆಂದು ಅವನಿಗೆ ಹೊಳೆದಂತಿಲ್ಲ. ಮುಖ ಅಲ್ಲಿ ಮಾದರಿ, ಭಾವ ಬಂದರೆ ಅಳತೆ ತಪ್ಪುತ್ತದೆ.

ಇದರ ಇನ್ನೊಂದು ತುದಿ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು. ವಸಾಹತು ಕಾಲದ ಪ್ಲೇಟುಗಳಲ್ಲಿ ಬಂಜಾರ ಹೆಂಗಸು ಕನ್ನಡಿ ಕೂರಿಸಿದ ಕಂಚುಕಿ, ದಂತದ ಬಳೆ, ಬೆಳ್ಳಿ ಆಭರಣಗಳ ಭಾರ ಹೊತ್ತು ಕಲ್ಲಿನಂತೆ ನಿಂತಿರುತ್ತಾಳೆ. ಈಗ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಕರಕುಶಲ ವಸ್ತುಗಳ ಕ್ಯಾಟಲಾಗಿನಲ್ಲಿ, ಪ್ರವಾಸೋದ್ಯಮದ ಪೋಸ್ಟರಿನಲ್ಲಿ ಅದೇ ಉಡುಪಿನ ಹೆಣ್ಣುಮಗಳು ಬಾಯಿತುಂಬ ನಗುತ್ತಾಳೆ. ನಗದ ಮುಖ ಬೇಕೆಂದವರೂ ನಗುವ ಮುಖ ಬೇಕೆಂದವರೂ ಇಬ್ಬರೂ ಕ್ಯಾಮೆರಾದ ಹಿಂದೆ ನಿಂತವರೇ. ಈಗಿನ ನಗುವನ್ನು ಕಂಡು ಆಕೆಗೆ ಸ್ವಾತಂತ್ರ್ಯ ಸಿಕ್ಕಿತೆಂದು ತೀರ್ಮಾನಿಸುವಷ್ಟು ಆತುರ ನನಗಿಲ್ಲ.

ಹಿಡಿದು ತೆಗೆದ ಮುಖಗಳಲ್ಲೆಲ್ಲ ಕಡುಕಷ್ಟದವು ಬರಗಾಲದವು. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ಹೇಳುತ್ತಿದ್ದ 1876–78ರ ಕ್ಷಾಮದಲ್ಲಿ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. 1877ರ ಅಕ್ಟೋಬರಿನಲ್ಲಿ ಲಂಡನ್ನಿನ ‘ದಿ ಗ್ರಾಫಿಕ್’ ಪತ್ರಿಕೆ ಬಳ್ಳಾರಿ ಜಿಲ್ಲೆಯ ಜನ, ದನಗಳ ಪಾಡನ್ನು ತೋರಿಸುವ ಕೆತ್ತನೆಯೊಂದನ್ನು ಅಚ್ಚುಹಾಕಿತು. ಪತ್ರಿಕೆಯಲ್ಲಿ ಫೋಟೋವನ್ನು ನೇರವಾಗಿ ಅಚ್ಚುಹಾಕಲು ಆಗ ಬರುತ್ತಿರಲಿಲ್ಲ, ಆದ್ದರಿಂದ ಮುಖದ ಮೇಲೆ ಎಷ್ಟು ದುಃಖವಿರಬೇಕೆಂಬುದನ್ನು ಕೆತ್ತುವವನ ಕೈಯೇ ನಿರ್ಧರಿಸುತ್ತಿತ್ತು. ಫೋಟೋಗಳಲ್ಲಿ ಆ ಸೌಲಭ್ಯವಿಲ್ಲ. ಮದ್ರಾಸ್ ಪ್ರಾಂತದಲ್ಲಿ ಸೇನಾಧಿಕಾರಿ ವಿಲೊಬಿ ವಾಲೇಸ್ ಹೂಪರ್ ತೆಗೆದ ಬರದ ಚಿತ್ರಗಳಲ್ಲಿ ಎಲುಬಿನ ಗೂಡಾದ ಗಂಡಸರು, ಹೆಂಗಸರು, ಮಕ್ಕಳನ್ನು ಕುಟುಂಬದ ಗ್ರೂಪ್ ಫೋಟೋದಂತೆಯೇ ಸಾಲಾಗಿ ಕೂರಿಸಲಾಗಿದೆ. ಅವರ ಮುಖದಲ್ಲಿ ಅಳುವೂ ಇಲ್ಲ. ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಇದೇ ಹೂಪರ್ 1886ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಮರಣದಂಡನೆಗೆ ಗುರಿಯಾದವರ ಫೋಟೋ ತೆಗೆದ. ಗುಂಡು ತಗಲುವ ಕ್ಷಣದ ಮುಖಭಾವ ಸಿಗಲೆಂದು ಅವರನ್ನು ಕಾಯಿಸಿದನೆಂಬ ಆರೋಪ ಬಂತು, ವಿಚಾರಣೆ ನಡೆಯಿತು, ಛೀಮಾರಿಯಾಯಿತು. ಅಷ್ಟರಲ್ಲಿ ಒಣ ಪ್ಲೇಟು ಬಂದಿತ್ತು, ಒಂದು ಕ್ಷಣವನ್ನು ಹಿಡಿಯುವ ಶಕ್ತಿ ಯಂತ್ರಕ್ಕೆ ದಕ್ಕಿತ್ತು. ಆ ಶಕ್ತಿಯ ಮೊದಲ ಉಪಯೋಗಗಳಲ್ಲಿ ಇದೂ ಒಂದೆಂಬುದನ್ನು ಫೋಟೋಗ್ರಫಿಯ ಗುಣಗಾನ ಮಾಡುವವರು ನೆನಪಿಡುವುದು ಒಳ್ಳೆಯದು.

ಈಗ ಪಡಸಾಲೆಗೆ ಬರೋಣ. ಈ ಭಾಗದ ಮನೆಗಳಲ್ಲಿ ಕಾಣುವ ಒಂದು ಮಾಮೂಲಿ ಫೋಟೋವನ್ನು ಸಾವಕಾಶವಾಗಿ ನೋಡಿದರೆ ಮುಖಕ್ಕಿಂತ ಬೇರೆ ಕಡೆ ಹೆಚ್ಚು ಮಾತು ಸಿಗುತ್ತದೆ. ಯಜಮಾನ ಕುರ್ಚಿಯಲ್ಲಿ. ಕಚ್ಚೆ ಪಂಚೆ, ಮೇಲೆ ಮುಚ್ಚುಕಾಲರಿನ ಕೋಟು, ತಲೆಗೆ ರುಮಾಲು. ಎರಡು ಅಂಗೈಗಳೂ ಮೊಣಕಾಲ ಮೇಲೆ ಅಂಗಾತ ಅಲ್ಲ, ಬೋರಲಾಗಿ, ಬೆರಳು ಬಿಡಿಸಿ. ಉಂಗುರ ಕಾಣಲಿ ಎಂದು ಹಾಗೆ. ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳೆ, ತಲೆಯ ಮೇಲೆ ಸೆರಗು, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಆ ಕೈ ಎಲ್ಲಿಡಬೇಕೆಂದು ಆಕೆಗೆ ತಿಳಿಯದೆ ಫೋಟೋಗ್ರಾಫರ್ ತಾನೇ ಹೇಳಿ ಇಡಿಸಿದ್ದು ಗೊತ್ತಾಗುತ್ತದೆ. ಹಿಂದೆ ಪರದೆ. ಅದರ ಮೇಲೆ ಕಮಾನು, ಮೆಟ್ಟಿಲು, ಕೊಳ, ಒಂದು ಹಂಸ, ಈ ಒಣಸೀಮೆಯಲ್ಲಿ ಯಾರೂ ಕಾಣದ ತೋಟ. ಪಕ್ಕದ ಸ್ಟೂಲಿನ ಮೇಲೆ ಒಂದು ಹೂಜಿ ಅಥವಾ ಟೈಂಪೀಸು. ಕೆಳಗೆ ಮಗು, ಅದರ ಕಾಲು ಅಲುಗಿ ಮಸುಕಾಗಿದೆ. ಕುಟುಂಬಕ್ಕೆ ಕುಟುಂಬವೇ ಉಸಿರು ಬಿಗಿಹಿಡಿದಿದೆ. “ಗದ್ದ ಸ್ವಲ್ಪ ಮ್ಯಾಲೆತ್ರಿ, ಕಣ್ ಮಿಟುಕಿಸಬ್ಯಾಡ್ರಿ” ಎಂಬ ಮಾತಿಗೆ ವಿಧೇಯರಾದ ಮುಖಗಳು. ಹೆಮ್ಮೆ ಇದ್ದರೆ ಕೋಟಿನಲ್ಲಿದೆ, ಪ್ರೀತಿ ಇದ್ದರೆ ಮಗುವಿನ ಭುಜದ ಮೇಲಿನ ಕೈಯಲ್ಲಿದೆ, ಸಿರಿತನ ಉಂಗುರದಲ್ಲಿದೆ. ಎಲ್ಲವನ್ನೂ ಬೇರೆಡೆ ಹಂಚಿ ಕೊಟ್ಟ ಮೇಲೆ ಮುಖಕ್ಕೆ ಉಳಿದ ಕೆಲಸ ಗುರುತು ಹೇಳುವುದೊಂದೇ.

ಇದರ ಮೇಲೆ ರಿಟಚಿಂಗ್. ಓರೆ ಮೇಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿಂದ ಬೆಳಕು ಬಿಟ್ಟು, ಸೂಜಿಮೊನೆಯಂಥ ಪೆನ್ಸಿಲ್ಲಿನಿಂದ ನೆರಿಗೆ, ಸಿಡುಬಿನ ಕಲೆ, ಕಣ್ಣಡಿಯ ಕಪ್ಪನ್ನು ತುಂಬಿಬಿಡುತ್ತಿದ್ದರು. ನೆಗೆಟಿವ್‌ನಲ್ಲಿ ತುಂಬಿದ ಕಪ್ಪು ಪ್ರಿಂಟಿನಲ್ಲಿ ಬಿಳಿಯಾಗಿ, ಮುಖ ನುಣುಪಾಗುತ್ತಿತ್ತು. ಗಿರಾಕಿಗೆ ಬೇಕಾದದ್ದೂ ಅದೇ. ಆದರೆ ಡುಶೆನ್ ಹೇಳಿದ ಕಣ್ಣಿನ ಸುತ್ತಲ ಮಡಿಕೆಗಳು, ಅಂದರೆ ನಗುವಿನ ಅಸಲಿ ಗುರುತುಗಳು, ಮೊದಲು ಅಳಿದುಹೋಗುತ್ತಿದ್ದುದು ಈ ಪೆನ್ಸಿಲ್ಲಿಗೇ. ಕಿರುನಗೆ ಬೀರಿದ್ದವರೂ ಕೆಲವರಿದ್ದಿರಬಹುದು, ಅವರ ನಗೆಯನ್ನು ಸ್ಟುಡಿಯೋದವರೇ ಒರೆಸಿಹಾಕಿದರು.

ಇನ್ನೊಂದು ಮುಖ್ಯ ಕಾರಣ ಸಾವು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಫೋಟೋ ಎಲ್ಲಿಗೆ ಹೋಗಿ ಸೇರುತ್ತಿತ್ತೆಂದು ನೋಡಬೇಕು. ಇದ್ದವರ ಫೋಟೋವನ್ನು ಗೋಡೆಗೆ ಹಾಕುವ ರೂಢಿ ಕಡಿಮೆ. ಕಟ್ಟು ಹಾಕಿಸುವುದು, ಗಂಧದ ಮಾಲೆ ಹಾಕುವುದು, ಮುಂದೆ ದೀಪವಿಡುವುದು ಹೋದವರಿಗೆ. ಕೊಟ್ಟೂರೇಶ್ವರನಿಗೆ ನಡೆದುಕೊಳ್ಳುವ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸದೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಧರಿಸಿ, ಹೂವಿನ ಹಾರ ಹಾಕಿ ಭಜನೆ ಮಾಡುತ್ತಾರೆ. ಆ ಹೊತ್ತಿಗೆ ಸ್ಟುಡಿಯೋದವನಿಗೆ ಹೇಳಿ ಕಳಿಸಿ, ಸುತ್ತಲೂ ಮಕ್ಕಳು ಮೊಮ್ಮಕ್ಕಳು ಕೂತು ಫೋಟೋ ತೆಗೆಸುವುದುಂಟು. ಎಷ್ಟೋ ಹಿರಿಯರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಅಂಥ ಚಿತ್ರದಲ್ಲಿ ಎಲ್ಲರ ಕಣ್ಣೂ ನೇರ ಕ್ಯಾಮೆರಾದತ್ತ. ಅತ್ತು ಊದಿದ ಕಣ್ಣುಗಳು, ಆದರೆ ಆ ಒಂದು ಗಳಿಗೆಗೆ ಅಳು ನಿಂತಿರುತ್ತದೆ. ತನ್ನ ಫೋಟೋ ಕೊನೆಗೆ ಮಾಲೆ ಹಾಕಿಸಿಕೊಳ್ಳಲಿಕ್ಕೇ ಎಂದು ಗೊತ್ತಿದ್ದವರು ಬದುಕಿದ್ದಾಗ ಸ್ಟುಡಿಯೋಗೆ ಹೋದರೂ ಆ ಮಾಲೆಗೆ ಒಪ್ಪುವ ಮುಖವನ್ನೇ ತೊಟ್ಟು ಹೋಗುತ್ತಿದ್ದರು.

ಹಾಗಾದರೆ ನಗು ಬಂದದ್ದು ಹೇಗೆ? ಪಶ್ಚಿಮದಲ್ಲಿ ಇದಕ್ಕೆ ಕೊಡಾಕ್ ಉತ್ತರ ಪ್ರಸಿದ್ಧ. 1888ರಲ್ಲಿ ಕೊಡಾಕ್ ಕ್ಯಾಮೆರಾ, 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಫೋಟೋ ಎಂದರೆ ರಜೆ, ಹಬ್ಬ, ಖುಷಿ ಎಂದು ಕಂಪನಿಯ ಜಾಹೀರಾತುಗಳು ಜನರಿಗೆ ಕಲಿಸಿದವು ಎಂದು ಸಂಶೋಧಕಿ ಕ್ರಿಸ್ಟಿನಾ ಕೊಚೆಮಿಡೋವಾ 2005ರಲ್ಲಿ ವಾದಿಸಿದರು. ಬರ್ಕ್ಲಿಯ ಸಂಶೋಧಕರು 1905ರಿಂದ 2013ರವರೆಗಿನ ಅಮೆರಿಕದ ಶಾಲಾ ವಾರ್ಷಿಕ ಸಂಚಿಕೆಗಳ 37,921 ಮುಖಗಳನ್ನು ಕಂಪ್ಯೂಟರಿನಿಂದ ಅಳೆದಾಗ ತುಟಿಯ ಬಾಗು ದಶಕದಿಂದ ದಶಕಕ್ಕೆ ಏರುತ್ತ ಹೋದದ್ದು ಕಂಡಿತು. ಜಾಹೀರಾತು ಕಲಿಸದೆಯೂ ನಕ್ಕವರಿದ್ದರು: ಮಾನವಶಾಸ್ತ್ರಜ್ಞ ಬರ್ಥೋಲ್ಡ್ ಲಾಫರನ ಚೀನಾ ಪ್ರವಾಸದಲ್ಲಿ 1904ರ ಸುಮಾರಿಗೆ ತೆಗೆದ ಒಂದು ಫೋಟೋದಲ್ಲಿ ಅನ್ನದ ಬಟ್ಟಲು ಹಿಡಿದ ಮನುಷ್ಯನೊಬ್ಬ ಮುಖವರಳಿಸಿ ನಗುತ್ತಿದ್ದಾನೆ. ಸ್ಟುಡಿಯೋದ ಕಟ್ಟುಪಾಡು ತಲೆಗೆ ಹೊಗದವನು ಊಟದ ಮುಂದೆ ನಕ್ಕ, ಅಷ್ಟೇ.

ನಮ್ಮಲ್ಲಿ ಬ್ರೌನಿ ಮನೆಮನೆಗೆ ಬರಲಿಲ್ಲ. ಇಲ್ಲಿ ನಗು ಬಂದದ್ದು ಮೊದಲು ಸಿನಿಮಾ ಪೋಸ್ಟರಿನಿಂದ, ಆಮೇಲೆ ಮದುವೆ ಆಲ್ಬಮ್ಮಿನಿಂದ ಎಂದು ನನ್ನ ಅಂದಾಜು. ಬಣ್ಣದ ರೋಲು ಅಗ್ಗವಾಗಿ ಕಲರ್ ಲ್ಯಾಬುಗಳು ಊರೂರಿಗೆ ಬಂದ ಮೇಲೆ ಒಂದು ಮದುವೆಗೆ ನಾಲ್ಕಾರು ಫೋಟೋ ಸಾಕೆಂಬುದು ಹೋಗಿ ನೂರಾರು ಬೇಕೆಂಬುದಾಯಿತು. ನೂರು ಫೋಟೋಗೂ ಒಂದೇ ಗಾಂಭೀರ್ಯ ಹೊತ್ತು ಕೂರಲು ಯಾರಿಗೂ ತಾಳ್ಮೆಯಿಲ್ಲ. “ಸ್ಮೈಲ್ ಪ್ಲೀಸ್” ಎನ್ನುವುದು ಆಗ ಸ್ಟುಡಿಯೋದವನ ಮಾಮೂಲಿ ಮಾತಾಯಿತು. ಆದರೂ ಮದುಮಗಳಿಗೆ ಅದು ತಡವಾಗಿ ದಕ್ಕಿದ ಅನುಮತಿ. ಧಾರೆಯ ಹೊತ್ತಿನಲ್ಲಿ ಹಲ್ಲು ಬಿಟ್ಟ ಹುಡುಗಿಯ ಬಗ್ಗೆ ಬೀಗರು ಆಡಿಕೊಳ್ಳುತ್ತಿದ್ದ ಕಾಲ ಬಹಳ ಹಿಂದಿನದಲ್ಲ.

ಇಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆಯವರನ್ನು (1931–2011) ನೆನೆಯದೆ ಮುಂದೆ ಹೋಗುವುದು ಕಷ್ಟ, ವಿಷಯ ಕೊಂಚ ಪಕ್ಕಕ್ಕೆ ಸರಿದರೂ ಸರಿ. ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಅದೆಲ್ಲಕ್ಕೂ ಮಿಗಿಲಾಗಿ ಕಪ್ಪುಬಿಳುಪಿನಲ್ಲಿ ವನ್ಯಜೀವಿಗಳನ್ನು ಹಿಡಿದ ಫೋಟೋಗ್ರಾಫರ್. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಆನೆಗೆ ಗದ್ದ ಎತ್ತು ಎನ್ನಲಾಗದು, ಚಿರತೆಗೆ ನಗು ಎನ್ನಲಾಗದು. ಕಾಯಬೇಕಾದವನು ಕ್ಯಾಮೆರಾದ ಹಿಂದಿರುವವನು. ಮನುಷ್ಯರ ಸ್ಟುಡಿಯೋದಲ್ಲಿ ಕಾಯುವ ಪಾಳಿ ಯಾವಾಗಲೂ ಎದುರಿಗೆ ಕೂತವರದ್ದು.

ನಗು ಒಮ್ಮೆ ಬಂದ ಮೇಲೆ ಗೆದ್ದುಬಿಟ್ಟಿತೆಂದು ತಿಳಿಯುವಂತೆಯೂ ಇಲ್ಲ. 1993ರಲ್ಲಿ ಮತದಾರರ ಗುರುತಿನ ಚೀಟಿ ಜಾರಿಗೆ ಬಂದಾಗ ಹಳ್ಳಿಯ ಎಷ್ಟೋ ಮುದುಕಿಯರು ಬದುಕಿನಲ್ಲಿ ಮೊದಲ ಬಾರಿ ಒಬ್ಬರೇ ಕ್ಯಾಮೆರಾ ಎದುರಿಸಿದರು. ಆಧಾರ್ ಬಂದ ಮೇಲೆ ಅದು ಎಲ್ಲರಿಗೂ ಅನಿವಾರ್ಯವಾಯಿತು. ಆ ಚೀಟಿಗಳ ಮುಖಗಳನ್ನು ಥರ್ಸ್ಟನ್ನಿನ ಪ್ಲೇಟುಗಳ ಪಕ್ಕ ಇಟ್ಟರೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಪಾಸ್‌ಪೋರ್ಟಿಗಂತೂ ಅಂತರರಾಷ್ಟ್ರೀಯ ನಿಯಮವೇ ಇದೆ: ಭಾವವಿಲ್ಲದ ಮುಖ, ಮುಚ್ಚಿದ ಬಾಯಿ. ಕಂಪ್ಯೂಟರ್ ಮುಖವನ್ನು ಗುರುತಿಸುವುದಕ್ಕೆ ನಗು ಅಡ್ಡಬರುತ್ತದೆ. ಕಲ್ಲಿನ ರಥದ ಮುಂದೆ ಸೆಲ್ಫಿಗೆ ಮುಖವರಳಿಸುವ ಹುಡುಗಿ ಅದೇ ಸಂಜೆ ಹೊಸಪೇಟೆಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಕೂತರೆ ಅವಳ ಮುತ್ತಜ್ಜಿಯ ಮುಖವನ್ನೇ ಹಾಕಿಕೊಳ್ಳಬೇಕು. ಮುತ್ತಜ್ಜಿ ಅದನ್ನು ಮರ್ಯಾದೆಗಾಗಿ ಹಾಕಿಕೊಂಡಿದ್ದಳು, ಇವಳದು ಸರ್ಕಾರದ ಅಗತ್ಯ.

ಈ ವಾದಗಳನ್ನು ತೂಗಿ ನೋಡಲು ಬೇಕಾದ ಸಾಮಗ್ರಿ ಮಾತ್ರ ಕಣ್ಣೆದುರೇ ಕರಗುತ್ತಿದೆ. ಕಲ್ಲಿನ ಹಂಪಿಯ ಫೋಟೋಗಳನ್ನು ಗ್ರಂಥಾಲಯಗಳು, ಸಂಗ್ರಹಕಾರರು ಜೋಪಾನವಾಗಿಟ್ಟಿದ್ದಾರೆ. ಅದೇ ಸೀಮೆಯ ಮನುಷ್ಯರ ಫೋಟೋಗಳಿಗೆ ಅಂಥ ಆಶ್ರಯವಿಲ್ಲ. ಡಿಜಿಟಲ್ ಬಂದ ಮೇಲೆ ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್‌ಗಳು ಬೆಳ್ಳಿ ತೆಗೆಯುವವರಿಗೆ ತೂಕದ ಲೆಕ್ಕದಲ್ಲಿ ಹೋಗಿವೆ, ಗಾಜಿನ ಪ್ಲೇಟುಗಳು ಗುಜರಿಗೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಹಸ್ತಪ್ರತಿ, ಶಾಸನ, ಮೌಖಿಕ ಕಾವ್ಯಗಳನ್ನು ಕಲೆಹಾಕುವ ಕೆಲಸದಲ್ಲಿದೆ. ಪಡಸಾಲೆಯ ಫೋಟೋಗಳೂ ಆ ಸಾಲಿಗೆ ಸೇರುವಂಥವೇ. ಕಟ್ಟು ಬಿಚ್ಚಿದರೆ ರಟ್ಟಿನ ಮೂಲೆಯಲ್ಲಿ ಸ್ಟುಡಿಯೋದ ಹೆಸರು, ಊರಿನ ಹೆಸರು ಒತ್ತಿರುವುದು ಸಿಗುತ್ತದೆ, ಕೆಲವಕ್ಕೆ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖೂ ಇರುತ್ತದೆ. ಮದುವೆಯದೋ, ಮನೆ ಪ್ರವೇಶದ್ದೋ, ತೀರಿಕೊಂಡ ದಿನದ್ದೋ ಎಂಬುದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಒಬ್ಬರೋ ಇಬ್ಬರೋ ಇದ್ದಾರೆ.